ಒಳ್ಳೆಯ ಯಜಮಾನನ ಕೈಕೆಳಗೆ

ಮೊಳಕಾಲ್ಮುರು ತಾಲ್ಲೂಕಿನ ಅತ್ಯಂತ ಹಳೆಯ ಬರಹಗಳಲ್ಲಿ ಒಂದು ಅರಸನ ಅಪ್ಪಣೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಒತ್ತೊತ್ತಿನ ಮೂರು ತಾಣಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಅವುಗಳಲ್ಲಿ ಏನು ಹೇಳಿದೆ ಎಂಬುದಷ್ಟೇ ಅಲ್ಲ, ಆ ಮಾತು ಯಾವ ದಾರಿಯಲ್ಲಿ ಇಲ್ಲಿಗೆ ಇಳಿದು ಬಂತು ಎಂಬುದೂ ನೋಡುವಂಥದ್ದು. ದೂರದ ಅರಸನ ಮಾತು ಸುವರ್ಣಗಿರಿಯಲ್ಲಿದ್ದ ರಾಜಕುಮಾರನಿಗೆ ಬಂತು. ಅವನೂ ಅವನ ಮಹಾಮಾತ್ರರೂ ಇಸಿಲ ಎಂಬಲ್ಲಿದ್ದ ಮಹಾಮಾತ್ರರ ಕ್ಷೇಮ ವಿಚಾರಿಸಿ ಅದನ್ನು ದಾಟಿಸಿದರು. ಇಸಿಲದ ಅಧಿಕಾರಿಗಳು ಬಂಡೆಗೆ ಏರಿಸಿದರು. ಚಪಡ ಎಂಬ ಲಿಪಿಕಾರನ ಹೆಸರೂ ಉಳಿದಿದೆ. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ಕರುಣೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಈ ಬುದ್ಧಿಮಾತುಗಳಲ್ಲಿ ಕೆಟ್ಟದ್ದು ಒಂದೂ ಇಲ್ಲ. ಅಶೋಕನ ಬೇರೆ ಶಾಸನಗಳು ದಾಸರನ್ನೂ ಆಳುಗಳನ್ನೂ ಚೆನ್ನಾಗಿ ನಡೆಸಿಕೊಳ್ಳಬೇಕೆಂದು ಹೇಳುತ್ತವೆ. ದಾಸರನ್ನು ಬಿಡುಗಡೆ ಮಾಡಿ ಎಂದು ಮಾತ್ರ ಅವು ಎಲ್ಲಿಯೂ ಹೇಳುವುದಿಲ್ಲ. ಲೋಕದ ಕರುಣಾಳು ಅರಸರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವನಿಗೂ ದಾಸ್ಯದಲ್ಲಿ ತಪ್ಪು ಕಾಣಲಿಲ್ಲ, ದಾಸನನ್ನು ಹೊಡೆಯುವುದರಲ್ಲಿ ಮಾತ್ರ ಕಂಡಿತು.

ಎರಡು ಸಾವಿರ ವರ್ಷಗಳ ಮೇಲೂ ನಮ್ಮಲ್ಲಿ ಹೆಚ್ಚಿನವರು ಹೀಗೆಯೇ ಯೋಚಿಸುತ್ತೇವೆ. ಇನ್ನೊಬ್ಬರ ಅಧೀನದಲ್ಲಿ ಇರುವುದು ಎಂದರೆ ಬೈಗುಳ, ಏಟು, ಹಸಿವು, ಕಾಲಿಗೆ ಸರಪಳಿ ಎಂದೇ ಕಣ್ಣಿಗೆ ಕಟ್ಟುತ್ತದೆ. ಇವು ಯಾವುವೂ ಇಲ್ಲದ ಕಡೆ ಅಧೀನತೆಯೂ ಇಲ್ಲ ಎಂದು ನೆಮ್ಮದಿಯಾಗುತ್ತೇವೆ. ‘ಯಜಮಾನರು ದೇವರಂಥವರು, ಕಷ್ಟಕ್ಕೆ ಆಗುತ್ತಾರೆ’ ಎಂಬ ಮಾತು ಕೇಳಿಬಂದರೆ ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಈ ಲೇಖನ ವಾದಿಸುವುದು ಬೇರೆ. ಒಬ್ಬನ ಬದುಕಿನ ಮುಖ್ಯವಾದ ಸಂಗತಿಯನ್ನು ಇನ್ನೊಬ್ಬ ತನಗೆ ತೋಚಿದಾಗ, ಅವನನ್ನು ಕೇಳದೆ, ಅವನಿಗೆ ಉತ್ತರ ಕೊಡದೆ ಬದಲಾಯಿಸಬಹುದಾದರೆ ಅಧೀನತೆ ಆಗಲೇ ಇದೆ. ಆ ಇನ್ನೊಬ್ಬ ಈವರೆಗೆ ಹಾಗೆ ಮಾಡಿಲ್ಲದಿರಬಹುದು, ಮುಂದೆಯೂ ಮಾಡದಿರಬಹುದು. ಅದು ಅವನ ಗುಣವನ್ನು ಹೇಳುತ್ತದೆಯೇ ಹೊರತು ಅವನ ಕೈಕೆಳಗಿರುವವನ ಸ್ಥಿತಿಯನ್ನಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮುರು, ಚಿತ್ರದುರ್ಗ ಜಿಲ್ಲೆಯ ಈ ಎರಡು ಒಣ ತಾಲ್ಲೂಕುಗಳಲ್ಲಿ ಇದಕ್ಕೆ ಎರಡು ತೀರ ಬೇರೆ ಬೇರೆ ನಿದರ್ಶನಗಳಿವೆ: ಒಂದು ಮಗ್ಗದ್ದು, ಇನ್ನೊಂದು ಹುಲ್ಲುಗಾವಲಿನದು.

ಮೊಳಕಾಲ್ಮುರಿನ ರೇಷ್ಮೆ ಸೀರೆ ನಾಡಿಗೆಲ್ಲ ಗೊತ್ತು. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅಂದರೆ ಆ ಹೆಸರನ್ನು ಬೇರೆ ಊರಿನ ಬಟ್ಟೆಗೆ ಅಂಟಿಸಿ ಮಾರುವಂತಿಲ್ಲ. ಹೆಸರಿಗೆ ಸಿಕ್ಕ ಈ ರಕ್ಷಣೆ ನೇಯುವ ಕೈಗೆ ಎಷ್ಟು ಸಿಕ್ಕಿದೆ ಎಂದು ಕೇಳುವವರು ಕಡಿಮೆ. ಕೈಮಗ್ಗದ ರೇಷ್ಮೆ ಊರುಗಳಲ್ಲಿ ಸಾಮಾನ್ಯವಾಗಿ ಕೆಲಸ ನಡೆಯುವ ಬಗೆ ಹೀಗೆ. ಹಾಸಿನ ನೂಲು, ಹೊಕ್ಕಿನ ನೂಲು, ಜರಿ, ಅಂಚಿನ ವಿನ್ಯಾಸ ಎಲ್ಲವೂ ಮಾಲೀಕನಿಂದ ಬರುತ್ತವೆ. ಮಗ್ಗ ಕೆಲವೊಮ್ಮೆ ನೇಕಾರನದು, ಕೆಲವೊಮ್ಮೆ ಅದೂ ಮಾಲೀಕನದೇ. ನೇಕಾರ ಮನೆಯ ಕುಣಿಮಗ್ಗದಲ್ಲಿ ಕೂತು ನೇಯ್ದು ಕೊಡುತ್ತಾನೆ, ಸೀರೆಗೆ ಇಷ್ಟೆಂದು ಮಜೂರಿ ಪಡೆಯುತ್ತಾನೆ. ಕಂಡಿಕೆ ಸುತ್ತುವ, ನೂಲು ಬಿಡಿಸುವ ಹೆಂಗಸರ ದುಡಿಮೆಯೂ ಅದೇ ಮಜೂರಿಯೊಳಗೆ ಕರಗಿಹೋಗುತ್ತದೆ. ಅವರಿಗೆಂದು ಬೇರೆ ಲೆಕ್ಕವಿಲ್ಲ. ಮೂರೂ ಹೊತ್ತು ಅಟ್ಟಿಕೊಂಡು ಬಂದು ಕೆಲಸ ಮಾಡಿಸುವವರು ಯಾರೂ ಇಲ್ಲ. ಹೊರಗಿನಿಂದ ನೋಡಿದರೆ ನೇಕಾರ ತನ್ನ ಮನೆಯಲ್ಲಿ ತಾನೇ ದೊರೆ.

ಗಂಟು ಇರುವುದು ಮುಂಗಡದಲ್ಲಿ. ಮದುವೆ, ಕಾಯಿಲೆ, ಮನೆ ರಿಪೇರಿ, ಕೆಲಸವಿಲ್ಲದ ತಿಂಗಳು, ಹೀಗೆ ಯಾವುದೋ ಒಂದು ಸಂಕಟಕ್ಕೆ ಮಾಲೀಕ ಹಣ ಕೊಡುತ್ತಾನೆ. ಅನೇಕ ವೇಳೆ ಅದಕ್ಕೆ ಬಡ್ಡಿಯನ್ನೂ ಕೇಳುವುದಿಲ್ಲ. ಬಡ್ಡಿ ಬೇಡದವನು ಕೇಳುವುದು ಒಂದೇ: ತೀರುವತನಕ ನೇಯ್ದದ್ದು ತನಗೇ ಕೊಡಬೇಕು. ಸೀರೆಯಿಂದ ಸೀರೆಗೆ ಒಂದಿಷ್ಟು ಮುರಿದುಕೊಳ್ಳುತ್ತಾ ಹೋದರೂ ಮಜೂರಿಯಲ್ಲಿ ಮನೆ ನಡೆಯುವುದೇ ಕಷ್ಟವಾದಾಗ ಹಳೆಯದು ತೀರುವ ಮೊದಲೇ ಹೊಸದು ಸೇರುತ್ತದೆ. 2019-20ರ ರಾಷ್ಟ್ರೀಯ ಕೈಮಗ್ಗ ಗಣತಿಯ ಪ್ರಕಾರ ದೇಶದ ಕೈಮಗ್ಗ ಕುಟುಂಬಗಳಲ್ಲಿ ಸುಮಾರು ಮೂರನೇ ಎರಡು ಪಾಲಿನ ಮನೆಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಇಂಥ ಆದಾಯದಲ್ಲಿ ಮುಂಗಡ ತೀರಿಸಿ ಹೊರಬರುವುದು ಹೇಗೆ? ಬೇರೆ ಮಾಲೀಕನ ಬಳಿಗೆ ಹೋಗಬೇಕೆಂದರೆ ಆ ಹೊಸ ಮಾಲೀಕ ಹಳಬನ ಬಾಕಿ ಚುಕ್ತಾ ಮಾಡಬೇಕು. ಆಗ ಸಾಲ ತೀರುವುದಿಲ್ಲ, ಸಾಲದ ಒಡೆಯ ಬದಲಾಗುತ್ತಾನೆ. ಇಲ್ಲಿ ಯಾರೂ ಕೆಟ್ಟವರಾಗಬೇಕಾಗಿಲ್ಲ. ಮಾಲೀಕ ಸಜ್ಜನನಾಗಿದ್ದರೂ ಮಜೂರಿ ಎಷ್ಟು, ಮುಂದಿನ ಹಾಸು ಯಾವಾಗ, ಮಾರುಕಟ್ಟೆ ಬಿದ್ದಾಗ ಯಾರ ಮಗ್ಗ ಮೊದಲು ನಿಲ್ಲಬೇಕು ಎಂಬುದನ್ನು ಅವನೊಬ್ಬನೇ ತೀರ್ಮಾನಿಸುತ್ತಾನೆ. ನೇಕಾರನ ಬಲವೆಲ್ಲ ಅವನ ಮನಸ್ಸು ಕೆಡದಂತೆ ನೋಡಿಕೊಳ್ಳುವುದರಲ್ಲಿ ಖರ್ಚಾಗುತ್ತದೆ. ಮಜೂರಿ ಏರಿಸಿ ಎಂದು ಕೇಳಬೇಕಾದ ಬಾಯಿ ಮುಂದಿನ ಮುಂಗಡದ ನೆನಪಾಗಿ ಸುಮ್ಮನಾಗುತ್ತದೆ. ಏಟು ಬೀಳದಿದ್ದರೂ ಮಾತು ನಿಂತುಹೋಗಿದೆ, ಮತ್ತು ಅಧೀನತೆಯ ಗುರುತು ಅದೇ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಯಾರೂ ಕುತ್ತಿಗೆಗೆ ಕೈಹಾಕಿ ಮುಂಗಡ ಕೊಡಲಿಲ್ಲ, ನೇಕಾರ ತಾನಾಗಿ ಕೇಳಿ ಪಡೆದ. ನೂಲಿನ ಬೆಲೆ ಏರಿದರೆ, ಸೀರೆ ಮಾರಾಟವಾಗದೆ ಉಳಿದರೆ ನಷ್ಟ ಹೊರುವವನು ಮಾಲೀಕ. ಬ್ಯಾಂಕು ಬಾಗಿಲು ತೆರೆಯದಿದ್ದ ಕಾಲದಲ್ಲಿ ಕೈಹಿಡಿದವನೂ ಅವನೇ. ಇವೆಲ್ಲ ನಿಜ. ಮಾಲೀಕರಲ್ಲಿ ಹಲವರು ಒಂದು ತಲೆಮಾರಿನ ಹಿಂದೆ ತಾವೇ ಮಗ್ಗದಲ್ಲಿ ಕೂತವರು. ಸಗಟು ವ್ಯಾಪಾರಿಗಳ ಎದುರು ಅವರ ಪರಿಸ್ಥಿತಿಯೂ ಹೆಚ್ಚು ಬೇರೆಯಲ್ಲ. ಆದರೆ ಒಪ್ಪಿಗೆ ಎಂಬುದು ಒಳಗೆ ಹೋಗುವ ಬಾಗಿಲನ್ನು ಮಾತ್ರ ನೋಡುತ್ತದೆ. ಹೊರಗೆ ಬರುವ ಬಾಗಿಲು ಇದೆಯೇ ಎಂಬುದು ಬೇರೆ ಪ್ರಶ್ನೆ. 1982ರಲ್ಲಿ ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಒಪ್ಪಿಗೆಯ ವಾದವನ್ನು ನೇರವಾಗಿ ಎದುರಿಸಿತು. ಹಸಿವು ಮತ್ತು ಬಡತನದ ಒತ್ತಾಯವೂ ಒತ್ತಾಯವೇ, ಬೇರೆ ದಾರಿ ಕಾಣದವನು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಅದು ಬಲವಂತದ ದುಡಿಮೆ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ತೀರ್ಪು ಹೇಳಿತು. ಅದಕ್ಕೂ ಮೊದಲೇ, 1947ರಲ್ಲಿ, ಅಂಬೇಡ್ಕರರು ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಕೃತಿಯಲ್ಲಿ ಇದೇ ಜಾಗವನ್ನು ಮುಟ್ಟಿದ್ದರು: ಸರ್ಕಾರ ಕೈಯಿಡದ ಕಡೆಯೆಲ್ಲ ಸ್ವಾತಂತ್ರ್ಯವಿರುತ್ತದೆ ಎಂಬುದು ಭ್ರಮೆ, ಅಲ್ಲಿ ಕೆಲಸ ಕೊಡುವವನ ಸರ್ವಾಧಿಕಾರ ಇರುತ್ತದೆ, ಕೆಲಸವಿಲ್ಲದವನು ಅನ್ನಕ್ಕಾಗಿ ತನ್ನ ಹಕ್ಕುಗಳನ್ನು ಬಿಟ್ಟುಕೊಡಲು ಸಿದ್ಧನಾಗುತ್ತಾನೆ ಎಂಬುದು ಅವರ ಎಚ್ಚರಿಕೆಯಾಗಿತ್ತು.

1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ಹೊಲದಲ್ಲಿ ದುಡಿಯುವ ಜೀತದಾಳಿಗಷ್ಟೇ ಸಂಬಂಧಿಸಿದ್ದೆಂದು ತಿಳಿದವರು ಅದರ ವ್ಯಾಖ್ಯೆಯನ್ನು ಒಮ್ಮೆ ಓದಬೇಕು. ಮುಂಗಡ ಪಡೆದ ಕಾರಣಕ್ಕೆ ಬೇರೆ ಕಡೆ ಕೆಲಸ ಮಾಡುವ ಸ್ವಾತಂತ್ರ್ಯ ಹೋದರೂ, ಓಡಾಡುವ ಸ್ವಾತಂತ್ರ್ಯ ಹೋದರೂ, ತನ್ನ ದುಡಿಮೆಯಿಂದ ಆದ ವಸ್ತುವನ್ನು ಮಾರುಕಟ್ಟೆ ಬೆಲೆಗೆ ಮಾರುವ ಹಕ್ಕು ಹೋದರೂ ಅದು ಜೀತವೇ. ಮೊಳಕಾಲ್ಮುರಿನ ಪ್ರತಿಯೊಂದು ಮುಂಗಡವೂ ಜೀತ ಎಂದು ಇದರಿಂದ ಹೇಳಲಾಗದು; ಹಾಗೆ ಹೇಳಿದರೆ ಅನ್ಯಾಯ. ಆದರೆ ಕಾಯ್ದೆ ಬರೆದವರು ಹಗ್ಗ, ಬಾರುಕೋಲುಗಳನ್ನು ಹುಡುಕುತ್ತ ಕೂರಲಿಲ್ಲ. ದುಡಿಯುವವನು ಬೇಡವೆಂದು ಎದ್ದು ಹೋಗಬಲ್ಲನೇ ಎಂದು ನೋಡಿದರು. ಸಾಲ ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನೂ ಸಾಲ ಕೊಟ್ಟವನ ಮೇಲೆಯೇ ಹಾಕಿದರು.

ಮಗ್ಗದ ವಿಷಯದಲ್ಲಿ ಮಾಲೀಕನ ಮುಖವಾದರೂ ನೇಕಾರನಿಗೆ ಗೊತ್ತು. ಚಳ್ಳಕೆರೆಯ ಕಾವಲುಗಳ ಕಥೆಯಲ್ಲಿ ಅದೂ ಇಲ್ಲ. ಅಮೃತಮಹಲ್ ಕಾವಲು ಹುಟ್ಟಿದ್ದೇ ಅರಸೊತ್ತಿಗೆಯ ಅಗತ್ಯಕ್ಕೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಹೆಸರಾಗಿದ್ದ ರಾಸುಗಳ ಇಲಾಖೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ತೋಪು, ದಿನಸಿ, ಮದ್ದುಗುಂಡು ಎಳೆದು ಸೈನ್ಯದೊಡನೆ ಓಡಬಲ್ಲ ಎತ್ತುಗಳಿಗಾಗಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ರಾಸುಗಳಿಂದ ಈ ತಳಿ ಬೆಳೆಯಿತು. ಅವುಗಳಿಗೆ ಹುಲ್ಲು ಬೇಕೆಂದು ಕಾವಲುಗಳನ್ನು ಮೀಸಲಿಟ್ಟರು. ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ಹಿಂಡುಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಕೈಗೆ ಹೋಯಿತು. 1860ರಲ್ಲಿ ಖರ್ಚು ಉಳಿಸಲೆಂದು ಅವರು ಅದನ್ನು ಮಾರಿಬಿಟ್ಟು, ಕೆಲವೇ ವರ್ಷಗಳಲ್ಲಿ ಪೆಟ್ಟು ತಿಂದು ಮತ್ತೆ ಕಟ್ಟಿದರು. ಕೊನೆಗೆ 1882ರಲ್ಲಿ ಮೈಸೂರು ಸರ್ಕಾರಕ್ಕೆ ಬಂತು. ಒಡೆಯರು ಹೀಗೆ ಮತ್ತೆ ಮತ್ತೆ ಬದಲಾದರೂ ಕಾವಲಿನ ಅಂಚಿನ ಹಳ್ಳಿಗಳ ದನಕುರಿಗಳು ಅಲ್ಲಿಯೇ ಮೇಯುತ್ತಿದ್ದವು. ದಾಖಲೆಯಲ್ಲಿ ಸರ್ಕಾರದ್ದು, ಬಳಕೆಯಲ್ಲಿ ಊರಿನದು, ಇಷ್ಟೇ ವ್ಯವಸ್ಥೆ.

ಮಳೆ ಎಂಬುದು ಅಪರೂಪದ ನಂಟನಾಗಿರುವ ಈ ಸೀಮೆಯಲ್ಲಿ ಆ ಬಳಕೆ ಏನೆಂದು ತಿಳಿಯಬೇಕಾದರೆ ದೊಡ್ಡ ಉಳ್ಳಾರ್ತಿ, ಕುದಾಪುರ, ನನ್ನಿವಾಳದ ಕಡೆಯ ಬದುಕನ್ನು ನೋಡಬೇಕು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬರುವುದು ಕುರಿಯಿಂದ, ಕುರಿಗೆ ಮೇವು ಸಿಕ್ಕುತ್ತಿದ್ದುದು ಕಾವಲಿನಲ್ಲಿ. ಮ್ಯಾಸಬೇಡರೂ ಕಾಡುಗೊಲ್ಲರೂ ಸಾಕುವ ದೇವರ ಎತ್ತುಗಳನ್ನು ಉಳುಮೆಗೆ ಹೂಡುವುದಿಲ್ಲ. ಕಿಲಾರಿಗಳು ಅವನ್ನು ಬಯಲಿನಲ್ಲಿ ಮೇಯಿಸಿಯೇ ಉಳಿಸಬೇಕು. ಬೆಳೆ ಕೈಕೊಟ್ಟ ವರ್ಷ ಮನೆಗೆ ಉಳಿಯುವುದು ರಾಸು ಮಾತ್ರ. ಇಷ್ಟೆಲ್ಲಕ್ಕೂ ಆಧಾರವಾಗಿದ್ದ ಭೂಮಿಯ ಮೇಲೆ ಊರಿನವರ ಹಕ್ಕು ಒಂದು ಸಾಲಿನಲ್ಲಾದರೂ ದೃಢವಾಗಿ ಬರೆದಿರಲಿಲ್ಲ. ಯಾರೂ ತಡೆಯದೆ ಇದ್ದುದರಿಂದ ಹಕ್ಕು ಇದೆ ಎಂದೇ ಅನ್ನಿಸಿತ್ತು. ಬೇಡವೆನ್ನುವ ಶಕ್ತಿ ಇರುವವನು ಇಷ್ಟು ದಿನ ಸುಮ್ಮನಿದ್ದುದಕ್ಕೂ ಆ ಶಕ್ತಿ ಅವನಿಗೆ ಇಲ್ಲದಿರುವುದಕ್ಕೂ ಇರುವ ಅಂತರ ಗೊತ್ತಾದದ್ದು ಗೋಡೆ ಎದ್ದಮೇಲೆ.

2009-10ರ ಸುಮಾರಿಗೆ ಚಳ್ಳಕೆರೆಯ ಕಾವಲುಗಳಲ್ಲಿ ಹತ್ತಿರ ಹತ್ತಿರ 10,000 ಎಕರೆಯನ್ನು ಹಂಚಲಾಯಿತು. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,000 ಎಕರೆಗೂ ಹೆಚ್ಚು, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದ ಬಳಿ 1,500 ಎಕರೆ. ಇಸ್ರೋಗೆ ಒಂದಿಷ್ಟು, ಖಾಸಗಿ ಸೌರಶಕ್ತಿ ಯೋಜನೆಗೆ ಒಂದಿಷ್ಟು. ಮನೆ ಕಳೆದುಕೊಂಡವರಿಲ್ಲ, ಪಟ್ಟಾ ಜಮೀನು ಹೋಗಲಿಲ್ಲ. ಹಾಗಾಗಿ ಕಾಗದದ ಮೇಲೆ ಇದು ಯಾರಿಗೂ ಏನೂ ನಷ್ಟವಾಗದ ಹಂಚಿಕೆ. ಪರಿಹಾರದ ಪ್ರಶ್ನೆಯೇ ಏಳಲಿಲ್ಲ, ಏಕೆಂದರೆ ಬರೆದಿಡದ ಹಕ್ಕಿಗೆ ಬೆಲೆ ಕಟ್ಟುವ ಅಂಕಣ ಯಾವ ಅರ್ಜಿಯಲ್ಲಿಯೂ ಇರುವುದಿಲ್ಲ. ಹಳ್ಳಿಗರು ಪ್ರತಿಭಟಿಸಿದರು, ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಮತ್ತು ಅದರ ಲಿಯೊ ಸಾಲ್ಡಾನಾ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಹೋದರು. ಕೆಲಕಾಲ ಕಾಮಗಾರಿಗೆ ತಡೆ ಬಂತು. 2014ರ ಆಗಸ್ಟಿನ ತೀರ್ಪು ಷರತ್ತುಗಳೊಂದಿಗೆ ಯೋಜನೆಗಳಿಗೆ ದಾರಿ ಬಿಟ್ಟಿತು.

ಇಲ್ಲಿ ಎರಡನೆಯ ಆಕ್ಷೇಪ ಎದುರಾಗುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಸರ್ಕಾರ ಪರಕೀಯರದಲ್ಲ, ನಾವೇ ಆರಿಸಿದ್ದು. ಭೂಮಿಯೂ ಯಾರದೋ ಲಾಭಕ್ಕೆ ಹೋದದ್ದಲ್ಲ, ಹೆಚ್ಚಿನ ಪಾಲು ದೇಶದ ಕೆಲಸಕ್ಕೆ ಹೋಯಿತು. 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಅಲ್ಲಿನ ವೈಮಾನಿಕ ಪರೀಕ್ಷಾ ಕ್ಷೇತ್ರದಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷೆ ನಡೆಯುತ್ತದೆ. ಮರುಬಳಕೆಯ ಉಡಾವಣಾ ವಾಹನವನ್ನು ಎತ್ತರದಿಂದ ಬಿಟ್ಟು ತಾನಾಗಿ ರನ್‌ವೇಗೆ ಇಳಿಸುವ ಪ್ರಯೋಗವನ್ನು ಇಸ್ರೋ ಮೊದಲು ಮಾಡಿದ್ದು 2023ರ ಏಪ್ರಿಲ್ 2ರಂದು, ಇಲ್ಲಿಯೇ. ಚಂದ್ರಯಾನದ ಲ್ಯಾಂಡರ್‌ನ ಸಂವೇದಕಗಳನ್ನು ಪರೀಕ್ಷಿಸಲು ಚಂದ್ರನ ಮೇಲಿರುವಂಥ ಕುಳಿಗಳನ್ನು ಉಳ್ಳಾರ್ತಿ ಕಾವಲಿನ ನೆಲದಲ್ಲಿ ತೋಡಲಾಗಿತ್ತು. ಕುದಾಪುರದ ಆವರಣದಲ್ಲಿ ಸಾವಿರಾರು ಶಾಲಾ ಶಿಕ್ಷಕರು ವಿಜ್ಞಾನದ ತರಬೇತಿ ಪಡೆದಿದ್ದಾರೆ. ಇವು ಹೆಮ್ಮೆಯ ಸಂಗತಿಗಳು, ನಾಟಕದ ಮಾತಲ್ಲ. ಹಾಗಿದ್ದರೆ ತಕರಾರು ಏತಕ್ಕೆ?

ತಕರಾರು ಯೋಜನೆಗಳ ಮೇಲಲ್ಲ, ಕೇಳದೆ ಇದ್ದುದರ ಮೇಲೆ. ಗ್ರಾಮಸಭೆ ಕರೆದು, ಇಂಥ ಕಾವಲು ಇಂಥ ಕೆಲಸಕ್ಕೆ ಬೇಕು, ನಿಮ್ಮ ರಾಸುಗಳು ಎಲ್ಲಿ ಮೇಯಬೇಕು, ದಾರಿ ಎಲ್ಲಿ ಬಿಡಬೇಕು, ಎಷ್ಟು ಸಾಕು ಎಂದು ಮೊದಲೇ ಚರ್ಚಿಸಿದ್ದರೆ ಅದೇ ಭೂಮಿ ಅದೇ ಕೆಲಸಕ್ಕೆ ಹೋಗಿದ್ದರೂ ಊರಿನವರ ಸ್ಥಾನ ಬೇರೆಯಾಗಿರುತ್ತಿತ್ತು. ನಾವೇ ಆರಿಸಿದ ಸರ್ಕಾರ ಎಂಬ ಮಾತು ಈ ವಾದವನ್ನು ಗಟ್ಟಿ ಮಾಡುತ್ತದೆ. ಅಶೋಕನಿಗೆ ಇಸಿಲದ ಜನರನ್ನು ಕೇಳುವ ಕಟ್ಟುಪಾಡು ಇರಲಿಲ್ಲ. ನಮ್ಮ ಜಿಲ್ಲಾಡಳಿತಕ್ಕೆ, ಸಂಪುಟಕ್ಕೆ ಅದು ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಸಮುದಾಯಗಳ ಮೇವಿನ ಹಕ್ಕನ್ನೂ ಪಶುಪಾಲಕರ ಋತುಮಾನದ ಬಳಕೆಯನ್ನೂ ಹೆಸರಿಸಿ ಗುರುತಿಸುತ್ತದೆ. ಆ ಹಕ್ಕುಗಳನ್ನು ನಿರ್ಧರಿಸುವ ಕೆಲಸ ಶುರುವಾಗಬೇಕಾದದ್ದು ಗ್ರಾಮಸಭೆಯಲ್ಲಿ. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಳ್ಳಿಗಳ ಸಾಮೂಹಿಕ ಭೂಮಿಯನ್ನು ಕಾಪಾಡಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಆರಿಸುವ ಹಕ್ಕು ಐದು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಕುರಿಗೆ ಮೇವು ದಿನವೂ ಬೇಕು. ಕಡೂರಿನ ಮತದಾರನೂ ಕಾರವಾರದ ಮತದಾರನೂ ಸೇರಿ ಆರಿಸಿದ ಸರ್ಕಾರ ಉಳ್ಳಾರ್ತಿಯವರ ಮೇವಿನ ಬಗ್ಗೆ ಉಳ್ಳಾರ್ತಿಯವರಿಗೇ ಉತ್ತರ ಕೊಡಬೇಕಾಗುವಂತೆ ಮಾಡುವುದು ಇಂಥ ಕಾಯ್ದೆಗಳು ಮಾತ್ರ. ಅವನ್ನು ಬದಿಗಿಟ್ಟಾಗ ಆರಿಸಿದವನು ಒಂದು ಕ್ಷಣದಲ್ಲಿ ಆಳಿಸಿಕೊಳ್ಳುವವನಾಗುತ್ತಾನೆ.

ಇನ್ನು, ಯಾರು ತಾನೆ ಯಾರನ್ನೂ ಆಶ್ರಯಿಸದೆ ಬದುಕುತ್ತಾರೆ ಎಂಬ ಮಾತು. ರೈತ ಮಳೆಯ ಕೈಯಲ್ಲಿದ್ದಾನೆ, ವ್ಯಾಪಾರಿ ಗಿರಾಕಿಯ ಕೈಯಲ್ಲಿ, ರೋಗಿ ವೈದ್ಯನ ಕೈಯಲ್ಲಿ. ಎಲ್ಲವನ್ನೂ ಅಧೀನತೆ ಎಂದರೆ ಆ ಮಾತಿಗೆ ಅರ್ಥವೇ ಉಳಿಯುವುದಿಲ್ಲ ಎನ್ನಬಹುದು. ಅವಲಂಬನೆ ಬೇರೆ, ಅಧೀನತೆ ಬೇರೆ. ಚಳ್ಳಕೆರೆಯ ಶೇಂಗಾ ಬೆಳೆಗಾರ ಮಳೆ ಬಾರದೆ ಹಾಳಾಗಬಹುದು, ಆದರೆ ಮಳೆಯ ಎದುರು ಅವನು ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ. ಮುಗಿಲಿಗೆ ಮನಸ್ಸಿಲ್ಲ, ಅದನ್ನು ಮೆಚ್ಚಿಸುವ ಪ್ರಶ್ನೆಯೂ ಇಲ್ಲ. ಗಿರಾಕಿ ಒಬ್ಬ ಹೋದರೆ ಅಂಗಡಿಗೆ ಇನ್ನೊಬ್ಬ ಬರುತ್ತಾನೆ. ವೈದ್ಯನ ಕೈಯಲ್ಲಿ ಪ್ರಾಣವನ್ನೇ ಇಟ್ಟರೂ ಅವನ ತಪ್ಪನ್ನು ಪ್ರಶ್ನಿಸುವ ಜಾಗಗಳಿವೆ. ಒಬ್ಬನೇ ಮಾಲೀಕ, ಹೊರಬರಲು ತೀರದ ಬಾಕಿ, ಕೇಳಲು ಯಾವ ಜಾಗವೂ ಇಲ್ಲ, ಈ ಮೂರೂ ಒಂದೆಡೆ ಸೇರಿದಾಗಲೇ ಅವಲಂಬನೆ ಅಧೀನತೆಗೆ ತಿರುಗುವುದು. ಹಾಗೆಂದೇ ಮಾಲೀಕನಿಗೆ ಒಳ್ಳೆಯವನಾಗು ಎಂದು ಬುದ್ಧಿ ಹೇಳುವುದರಿಂದ ಹೆಚ್ಚೇನೂ ಆಗದು. ಮೂರರಲ್ಲಿ ಯಾವುದಾದರೂ ಒಂದನ್ನು ಮುರಿಯಬೇಕು.

ಮುರಿಯುವ ಉಪಕರಣಗಳನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ನೇಕಾರರ ಸಹಕಾರ ಸಂಘ ಎಂಬುದು ಒಬ್ಬನೇ ಮಾಲೀಕ ಎಂಬ ಸ್ಥಿತಿಗೆ ಉತ್ತರವಾಗಿಯೇ ಹುಟ್ಟಿದ್ದು. ಸಂಘಗಳು ಸೊರಗಿರುವುದು ನಿಜ, ಕೆಲವು ಕಡೆ ಸಂಘದ ಪದಾಧಿಕಾರಿಯೇ ಹೊಸ ಮಾಲೀಕನಾದದ್ದೂ ನಿಜ. ಆದರೂ ಲೆಕ್ಕ ಕೇಳಲು ವಾರ್ಷಿಕ ಸಭೆಯಿದೆ, ಪದಾಧಿಕಾರಿಯನ್ನು ಇಳಿಸಲು ಮತವಿದೆ, ಮಾಲೀಕನ ಪಡಸಾಲೆಯಲ್ಲಿ ಅವೆರಡೂ ಇಲ್ಲ. ಮುಂಗಡ ಎಷ್ಟು, ಮುರಿದುಕೊಂಡದ್ದೆಷ್ಟು, ಉಳಿದದ್ದೆಷ್ಟು ಎಂದು ನೇಕಾರನ ಕೈಯಲ್ಲೇ ಇರುವ ಒಂದು ಪುಸ್ತಕದಲ್ಲಿ ಬರೆಯಿಸುವುದು ಸಣ್ಣ ಕೆಲಸ. ಇಂದು ಆ ಲೆಕ್ಕ ಬಹುಪಾಲು ಮಾಲೀಕನ ಪುಸ್ತಕದಲ್ಲೂ ನೇಕಾರನ ನೆನಪಿನಲ್ಲೂ ಇರುತ್ತದೆ, ಇವೆರಡೂ ತಾಳೆಯಾಗದಿದ್ದರೆ ಗೆಲ್ಲುವುದು ಪುಸ್ತಕ. 1976ರ ಕಾಯ್ದೆಯ ಪ್ರಕಾರ ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತ ಸಮಿತಿಗಳಿರಬೇಕು. ಅವು ಇಟ್ಟಿಗೆ ಗೂಡು, ಕಲ್ಲು ಕ್ವಾರಿಗಳ ಜೊತೆಗೆ ಮಗ್ಗದ ಮನೆಗಳ ಮುಂಗಡದ ಲೆಕ್ಕವನ್ನೂ ನೋಡಬಹುದು. ಕಾವಲಿನ ವಿಷಯದಲ್ಲಿ ಹಂಚಿಹೋದ ಎಕರೆಗಳು ಮರಳಿ ಬರುವ ಸೂಚನೆ ಇಲ್ಲ. ಗೋಡೆಯ ಹೊರಗೆ ಇನ್ನೂ ಹುಲ್ಲುಗಾವಲು, ಗೋಮಾಳ, ರಾಸುಗಳ ದಾರಿಗಳು ಉಳಿದಿವೆ. ಯಾವ ಹಟ್ಟಿಯ ಕುರಿಗಳು ಎಲ್ಲಿ ಮೇಯುತ್ತವೆ, ಯಾವ ಕಿಲಾರಿ ಯಾವ ತಿಂಗಳು ಎತ್ತುಗಳನ್ನು ಯಾವ ಕಡೆಗೆ ಹೊಡೆದುಕೊಂಡು ಹೋಗುತ್ತಾನೆ ಎಂಬುದನ್ನು ಸರ್ವೆ ನಂಬರಿನೊಂದಿಗೆ ಗ್ರಾಮಸಭೆಯ ನಡಾವಳಿಯಲ್ಲಿ ಈಗಲೇ ದಾಖಲಿಸಬೇಕು, ಇನ್ನೊಂದು ಹಂಚಿಕೆಯ ಕಡತ ಬೆಂಗಳೂರಿನಲ್ಲಿ ತೆರೆಯುವ ಮೊದಲು.